‘ಕಲಿ’ ಶಬ್ದ: ಶಾಸನ ಹಾಗೂ ಹಸ್ತಪ್ರತಿಗಳಲ್ಲಿ ಅದರ ಅರ್ಥಭೇದಗಳು

1

ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವವರಿಗೆ ಅಪರಿಚಿತ ಶಬ್ದಗಳಿಂದ ಒದಗುವ ತೊಡಕಿಗಿಂತ ಸುಪರಿಚಿತ ಶಬ್ದಗಳಿಂದ ಒದಗುವ ತೊಡಕು ದೊಡ್ಡದು. ಅರ್ಥ ತಿಳಿಯದ ಶಬ್ದ ಎದುರಾದಾಗ ಸಂಪಾದಕನು ನಿಂತು, ನಿಘಂಟುಗಳನ್ನು ನೋಡಿ, ಪ್ರತ್ಯಂತರಗಳೊಡನೆ ಹೋಲಿಸಿ ಮುಂದುವರಿಯುತ್ತಾನೆ. ತಿಳಿದಿದೆಯೆಂದು ಭಾವಿಸಿದ ಶಬ್ದದ ಬಳಿ ಅವನು ನಿಲ್ಲುವುದೇ ಇಲ್ಲ. ಅಂತಹ ಶಬ್ದಗಳಲ್ಲಿ ‘ಕಲಿ’ ಎಂಬುದು ಒಂದು. ಎರಡೇ ಅಕ್ಷರಗಳ ಈ ಶಬ್ದವು ಕನ್ನಡ, ಸಂಸ್ಕೃತ, ಪ್ರಾಕೃತ, ತಮಿಳು, ತುಳು, ಮಲಯಾಳ ಭಾಷೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಭರತಖಂಡದ ಹೊರಗಿನ ಭಾಷೆಗಳಲ್ಲಿಯೂ ಇದೇ ಧ್ವನಿಯ ಶಬ್ದಗಳುಂಟು. ಇವುಗಳಲ್ಲಿ ಕೆಲವು ಒಂದೇ ಮೂಲದವು, ಹಲವು ಪರಸ್ಪರ ಸಂಬಂಧವೇ ಇಲ್ಲದವು. ಧ್ವನಿಸಾಮ್ಯವನ್ನು ಅರ್ಥಸಾಮ್ಯವೆಂದು ತಿಳಿದರೆ ಒಬ್ಬ ವೀರನು ಪಾಪಿಯಾಗುತ್ತಾನೆ, ಒಂದು ರಾಜವಂಶವು ದುಷ್ಟವಂಶವಾಗುತ್ತದೆ, ಒಂದು ಗಣಿತ ಪರಿಭಾಷೆಯು ನೀತಿಬೋಧೆಯಾಗುತ್ತದೆ. ಹೀಗಾಗಿರುವುದಕ್ಕೆ ಇತಿಹಾಸ ಗ್ರಂಥಗಳಲ್ಲಿಯೇ ನಿದರ್ಶನವಿದೆ. ಆದುದರಿಂದ ಈ ಶಬ್ದದ ಅರ್ಥಭೇದಗಳನ್ನು ಬೇರ್ಪಡಿಸಿ ನೋಡುವುದು ಕೇವಲ ನಿಘಂಟುಕಾರರ ಕೆಲಸವಲ್ಲ; ಇತಿಹಾಸಕಾರರ ಕೆಲಸವೂ ಆಗಿದೆ.

2

ಮೊದಲು ಸಂಸ್ಕೃತದ ‘ಕಲಿ’ಯನ್ನು ನೋಡಬಹುದು. ಕಲಿಯುಗವೆಂಬ ಹೆಸರಿನಿಂದ ಸರ್ವಪರಿಚಿತವಾದ ಈ ಶಬ್ದವು ಮೂಲತಃ ಕಾಲವಾಚಕವಲ್ಲ, ದ್ಯೂತದ ಪರಿಭಾಷೆ. ವೈದಿಕ ಕಾಲದ ಜೂಜಿನಲ್ಲಿ ವಿಭೀತಕ, ಅಂದರೆ ನಮ್ಮ ತಾರೆ ಮರದ ಕಾಯಿಗಳನ್ನು ಬಳಸುತ್ತಿದ್ದರು. ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸಿದಾಗ ಏನೂ ಉಳಿಯದಿದ್ದರೆ ಕೃತ, ಮೂರು ಉಳಿದರೆ ತ್ರೇತಾ, ಎರಡು ಉಳಿದರೆ ದ್ವಾಪರ, ಒಂದೇ ಉಳಿದರೆ ಕಲಿ. ಕೃತವು ಗೆಲುವಿನ ಗರ, ಕಲಿಯು ಸೋಲಿನ ಗರ. ಯುಗಗಳಿಗೆ ಈ ಹೆಸರುಗಳು ಬಂದುದು ಆನಂತರ. ವಿಭೀತಕಕ್ಕೆ ಅಮರಕೋಶವು ‘ಕಲಿದ್ರುಮ’ ಎಂಬ ಪರ್ಯಾಯ ನಾಮವನ್ನು ಕೊಡುತ್ತದೆ. ಮಹಾಭಾರತದ ನಳೋಪಾಖ್ಯಾನದಲ್ಲಿ ನಳನ ದೇಹವನ್ನು ಬಿಟ್ಟ ಕಲಿಪುರುಷನು ಸೇರುವುದು ಈ ಮರವನ್ನೇ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಅರಸನ ಕತೆಯಲ್ಲಿ ಜೂಜಿನ ಕಾಯಿಯ ಮರವು ಬರುವುದು ಆಕಸ್ಮಿಕವಲ್ಲ. ಶಬ್ದದ ಹಳೆಯ ಅರ್ಥವು ಅಲ್ಲಿ ಕತೆಯ ರೂಪದಲ್ಲಿ ಉಳಿದುಕೊಂಡಿದೆ. ಸೋಲಿನ ಗರದಿಂದ ಜಗಳ, ಕಲಹ, ಕಡೆಯ ಯುಗ, ಆ ಯುಗದ ಅಧಿಪುರುಷ ಎಂಬ ಅರ್ಥಗಳು ಕವಲೊಡೆದವು.

ಜೈನ ಕಾಲಗಣನೆಯಲ್ಲಿ ಈ ನಾಲ್ಕು ಯುಗಗಳಿಗೆ ಸ್ಥಾನವಿಲ್ಲ. ಅಲ್ಲಿರುವುದು ಉತ್ಸರ್ಪಿಣೀ ಮತ್ತು ಅವಸರ್ಪಿಣೀ ಎಂಬ ಎರಡು ಅರ್ಧಚಕ್ರಗಳು, ಒಂದೊಂದರಲ್ಲಿ ಆರಾರು ಕಾಲಗಳು. ಈಗ ನಡೆಯುತ್ತಿರುವ ಪಂಚಮಕಾಲಕ್ಕೆ ದುಃಷಮಾ ಎಂದು ಹೆಸರು. ಅದರ ಪ್ರಮಾಣ 21,000 ವರ್ಷಗಳು. ಹೀಗಿದ್ದರೂ ಜೈನ ಲೇಖಕರು ‘ಕಲಿಕಾಲ’ವೆಂಬ ಮಾತನ್ನು ದೂರವಿಡಲಿಲ್ಲ. ಐಹೊಳೆಯ ಮೇಗುತಿ ಜಿನಾಲಯವನ್ನು ಕಟ್ಟಿಸಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ರಚಿಸಿದ ರವಿಕೀರ್ತಿಯು ತನ್ನ ಕಾಲವನ್ನು ಭಾರತಯುದ್ಧದಿಂದ 3735 ವರ್ಷ ಎಂದೂ ಕಲಿಕಾಲದಲ್ಲಿ ಶಕವರ್ಷ 556 ಎಂದೂ ಹೇಳುತ್ತಾನೆ. ಇದು ಕ್ರಿ.ಶ. 634-35ಕ್ಕೆ ಸರಿಹೊಂದುತ್ತದೆ. ಗುಜರಾತಿನ ಆಚಾರ್ಯ ಹೇಮಚಂದ್ರರಿಗೆ (12ನೆಯ ಶತಮಾನ) ‘ಕಲಿಕಾಲಸರ್ವಜ್ಞ’ ಎಂಬ ಬಿರುದು ಸಂದಿತು. ಇಂತಹ ಎಡೆಗಳಲ್ಲಿ ಕಲಿಯು ಪಂಚಮಕಾಲಕ್ಕೆ ಲೋಕರೂಢಿಯ ಹೆಸರಾಗಿ ನಿಂತಿದೆಯೇ ಹೊರತು ಪೌರಾಣಿಕ ಯುಗಕಲ್ಪನೆಯ ಅಂಗೀಕಾರವಾಗಿ ಅಲ್ಲ. ಅದನ್ನು ನೋಡಿ ಕೃತಿಕಾರನ ಸಿದ್ಧಾಂತವನ್ನು ನಿರ್ಣಯಿಸುವುದು ಸಾಧುವಲ್ಲ.

3

ಜೈನ ಆಗಮಗಳಲ್ಲಿ ‘ಕಲಿ’ಯ ಇನ್ನೊಂದು ಬಳಕೆಯಿದೆ. ಭಗವತೀಸೂತ್ರವೆಂದು ಪ್ರಸಿದ್ಧವಾದ ವಿಯಾಹಪಣ್ಣತ್ತಿಯಲ್ಲಿ ರಾಶಿಗಳನ್ನು ಕಡಜುಮ್ಮ, ತೇಓಗ, ದಾವರಜುಮ್ಮ, ಕಲಿಓಗ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಸಂಸ್ಕೃತದಲ್ಲಿ ಇವು ಕೃತಯುಗ್ಮ, ತ್ರ್ಯೋಜ, ದ್ವಾಪರಯುಗ್ಮ, ಕಲ್ಯೋಜ. ಯುಗ್ಮವೆಂದರೆ ಸಮಸಂಖ್ಯೆ, ಓಜವೆಂದರೆ ವಿಷಮಸಂಖ್ಯೆ. ನಾಲ್ಕರಿಂದ ಭಾಗಿಸಿದಾಗ ನಿಶ್ಶೇಷವಾಗುವ ರಾಶಿ ಕೃತಯುಗ್ಮ. ಮೂರು ಉಳಿದರೆ ತ್ರ್ಯೋಜ, ಎರಡು ಉಳಿದರೆ ದ್ವಾಪರಯುಗ್ಮ, ಒಂದು ಉಳಿದರೆ ಕಲ್ಯೋಜ. ಉದಾಹರಣೆಗೆ 16, 15, 14, 13 ಎಂಬ ಸಂಖ್ಯೆಗಳು ಕ್ರಮವಾಗಿ ಈ ನಾಲ್ಕು ಬಗೆಗಳಿಗೆ ಸೇರುತ್ತವೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯಲ್ಲಿಯೂ ಅಲ್ಪಸ್ವಲ್ಪ ರೂಪಭೇದಗಳೊಡನೆ ಇದೇ ಪರಿಭಾಷೆಯಿದೆ.

ಇದರ ಮಹತ್ತ್ವವನ್ನು ಎರಡು ದೃಷ್ಟಿಗಳಿಂದ ಗಮನಿಸಬೇಕು. ಮೊದಲನೆಯದಾಗಿ, ದ್ಯೂತದ ಎಣಿಕೆಯ ಕ್ರಮವು ಇಲ್ಲಿ ಯುಗದ ಕಲ್ಪನೆಯಿಂದಲೂ ಪಾಪಪುಣ್ಯಗಳ ಸೋಂಕಿನಿಂದಲೂ ಬಿಡಿಸಿಕೊಂಡು ಶುದ್ಧ ಗಣಿತವಾಗಿ ಉಳಿದಿದೆ. ಯುಗಕಲ್ಪನೆಯು ಮರೆಮಾಡಿದ ಮೂಲಾರ್ಥವನ್ನು ಜೈನ ಗ್ರಂಥಗಳ ಈ ಸಂಖ್ಯಾವಿಚಾರವು ಕಾಪಾಡಿಕೊಂಡು ಬಂದಿದೆ ಎನ್ನಬಹುದು. ಎರಡನೆಯದಾಗಿ, ಧವಲಾದ ಪ್ರಾಚೀನ ತಾಳೆಯೋಲೆಗಳು ಉಳಿದುಬಂದುದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ; ಅವುಗಳ ಭಾಷೆ ಪ್ರಾಕೃತ ಸಂಸ್ಕೃತಗಳ ಮಿಶ್ರಣ, ಲಿಪಿ ಹಳಗನ್ನಡ. ಅಂದರೆ ಈ ಓಲೆಗಳನ್ನು ಪ್ರತಿಮಾಡಿದ ಕೈಗಳು ಕನ್ನಡದ ಕೈಗಳು. ಲಿಪಿಕಾರನ ನಾಲಗೆಯ ಮೇಲೆ ‘ಕಲಿ’ ಎಂದರೆ ವೀರ. ಅವನು ಕೇಳುತ್ತಿದ್ದ ಪುರಾಣದಲ್ಲಿ ಕಲಿ ಎಂದರೆ ಯುಗ. ಅವನ ಕಂಠದ ಕೆಳಗಿನ ಓಲೆಯಲ್ಲಿ ಕಲಿ ಎಂದರೆ ಒಂದು. ಲಿಪಿಯೊಂದೇ, ಭಾಷೆಗಳು ಮೂರು, ಅರ್ಥಗಳು ಮೂರು. ಲಿಪಿಯನ್ನು ಓದಬಲ್ಲವನು ಭಾಷೆಯನ್ನೂ ಓದಬಲ್ಲನೆಂಬ ಭರವಸೆ ಇಲ್ಲಿ ನಿಲ್ಲುವುದಿಲ್ಲ.

4

ಇನ್ನು ಕನ್ನಡದ ‘ಕಲಿ’. ಇದು ಎರಡು ಬಗೆ. ಒಂದು ಧಾತು: ಕಲಿ, ಕಲಿಸು, ಕಲಿಕೆ. ಇದರ ಹಳೆಯ ರೂಪ ‘ಕಲ್’. ‘ಕಲ್ತಂ’ ಎಂಬ ಭೂತಕಾಲ ರೂಪದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ತಮಿಳಿನ ‘ಕಲ್’, ‘ಕಲ್ವಿ’ ಎಂಬವು ಇದರ ಸೋದರ ಶಬ್ದಗಳು. ಇನ್ನೊಂದು ನಾಮಪದ: ಕಲಿ ಎಂದರೆ ಶೂರ, ಕಲಿತನವೆಂದರೆ ಶೌರ್ಯ. ವೀರಗಲ್ಲುಗಳ ಭಾಷೆಯಲ್ಲಿಯೂ ಪಂಪ ರನ್ನರ ಯುದ್ಧವರ್ಣನೆಗಳಲ್ಲಿಯೂ ಈ ಶಬ್ದವು ಮೇಲಿಂದ ಮೇಲೆ ಬರುತ್ತದೆ. ಇದು ವ್ಯಕ್ತಿನಾಮಗಳಲ್ಲಿ ಸೇರಿತ್ತು. 10ನೆಯ ಶತಮಾನದ ಆರಂಭದಲ್ಲಿ ಬನವಾಸಿ ಪನ್ನಿರ್ಛಾಸಿರವನ್ನು ಆಳುತ್ತಿದ್ದ ಮಹಾಸಾಮಂತನ ಹೆಸರು ಕಲಿವಿಟ್ಟರಸ. ನಾಗರಖಂಡದ ನಾಳ್ಗಾವುಂಡತನವನ್ನು ನಿರ್ವಹಿಸಿ, ಕಡೆಗೆ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟ ಜಕ್ಕಿಯಬ್ಬೆಯ ಶಾಸನದಲ್ಲಿ ಈತನ ಉಲ್ಲೇಖವಿದೆ. ದೇವತೆಯ ಹೆಸರಿನಲ್ಲಿಯೂ ಇದು ಸೇರಿತ್ತು: ವಚನಕಾರ ಮಡಿವಾಳ ಮಾಚಿದೇವನ ಅಂಕಿತದಲ್ಲಿರುವುದು ‘ಕಲಿದೇವ’. ತಂದೆತಾಯಿಗಳು ಮಗನಿಗೆ, ಭಕ್ತನು ತನ್ನ ದೈವಕ್ಕೆ ಸೋಲಿನ ಗರದ ಹೆಸರನ್ನಿಡುವುದು ಅಸಂಭವ. ಇವು ವೀರಾರ್ಥದವು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಈ ಎರಡು ಪ್ರವಾಹಗಳು, ಸಂಸ್ಕೃತದ ಕಲಿ ಮತ್ತು ಕನ್ನಡದ ಕಲಿ, ಒಂದೇ ಪದ್ಯದಲ್ಲಿ ಸಂಗಮಿಸುವ ಪ್ರಾಚೀನ ನಿದರ್ಶನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ್ದು. ಸುಮಾರು ಕ್ರಿ.ಶ. 700ರ ಈ ಶಾಸನದ ತ್ರಿಪದಿಯಲ್ಲಿ ‘ಕಲಿ’ಯು ಒಮ್ಮೆ ಬಿಡಿಯಾಗಿ, ಬಾಧಿಸುವವನೆಂಬ ವಿಶೇಷಣದೊಡನೆ ಬರುತ್ತದೆ, ಮತ್ತೊಮ್ಮೆ ‘ಕಲಿಯುಗವಿಪರೀತ’ ಎಂಬ ವಿಶೇಷಣದಲ್ಲಿ ಬರುತ್ತದೆ. ಎರಡನೆಯದರ ಅರ್ಥ ನಿಸ್ಸಂದಿಗ್ಧ. ಮೊದಲನೆಯದನ್ನು ಕಲಿಪುರುಷನೆಂದು ತಿಳಿಯಬಹುದು, ಪೀಡಿಸುವ ಶೂರನೆಂದೂ ತಿಳಿಯಬಹುದು. ಪದ್ಯದ ರಚನೆಯನ್ನು ನೋಡಿದರೆ, ಅದಕ್ಕೆ ಮೊದಲು ಬರುವುದು ಸಜ್ಜನನಿಗೆ ಈತ ಹೇಗೆ, ಮಧುರ ಸ್ವಭಾವದವನಿಗೆ ಹೇಗೆ ಎಂಬ ಮಾತುಗಳು. ಅವರು ಎದುರಿಗೆ ಬರುವ ಮನುಷ್ಯರು. ಆ ಸಾಲಿನಲ್ಲಿ ಮೂರನೆಯವನೂ ಎದುರಿಗೆ ಬಂದು ಪೀಡಿಸುವ ಮನುಷ್ಯನಾಗುವುದೇ ಸಹಜ. ಹಾಗೆ ತಿಳಿದಾಗ ಕನ್ನಡದ ಕಲಿಯ ಎದುರು ಸಂಸ್ಕೃತದ ಕಲಿಯುಗವನ್ನು ನಿಲ್ಲಿಸಿದ ಶಬ್ದಚಮತ್ಕಾರವೂ ಸಿದ್ಧಿಸುತ್ತದೆ. ಒಂದು ವೇಳೆ ಎರಡೂ ಅರ್ಥಗಳು ಕವಿಗೆ ಇಷ್ಟವಾಗಿದ್ದರೂ ವೀರಾರ್ಥವನ್ನು ಪೂರ್ತಿ ಬಿಟ್ಟುಬಿಡುವ ಅನುವಾದವು ಆ ಪದ್ಯದ ಕನ್ನಡತನವನ್ನೇ ಬಿಟ್ಟಂತಾಗುತ್ತದೆ.

5

ರಾಷ್ಟ್ರಕೂಟ ಧ್ರುವನ (ಸುಮಾರು ಕ್ರಿ.ಶ. 780-793) ಬಿರುದುಗಳು ನಿರುಪಮ, ಧಾರಾವರ್ಷ, ಕಲಿವಲ್ಲಭ. ಮೊದಲಿನೆರಡು ಸರಳ. ಮೂರನೆಯದನ್ನು ಸಂಸ್ಕೃತ ಸಮಾಸವೆಂದು ಬಿಡಿಸಿದರೆ ‘ಕಲಿಗೆ ಪ್ರಿಯನಾದವನು’, ಅಥವಾ ‘ಕಲಹಪ್ರಿಯ’ ಎಂದಾಗುತ್ತದೆ. ಯಾವ ಅರಸನೂ ತಾನಾಗಿ ಧರಿಸುವ ಬಿರುದಲ್ಲ ಇದು. ಅಣ್ಣನಾದ ಇಮ್ಮಡಿ ಗೋವಿಂದನನ್ನು ಸಿಂಹಾಸನದಿಂದ ಇಳಿಸಿ ತಾನು ಏರಿದವನಿಗಂತೂ ಇದು ನಿಂದೆಯಂತೆಯೇ ಕೇಳಿಸೀತು. ಆದರೆ ಕನ್ನಡದ ಕಿವಿಗೆ ಇದರ ಅರ್ಥ ನೇರವಾದುದು: ಕಲಿಯಾದ ವಲ್ಲಭ, ಕಲಿಗಳಿಗೆ ವಲ್ಲಭ. ‘ವಲ್ಲಭ’ವೆಂಬುದು ರಾಷ್ಟ್ರಕೂಟರ ರೂಢಿಯ ಬಿರುದೆಂಬುದನ್ನು ನೆನೆಯಬೇಕು. ಪುನ್ನಾಟ ಸಂಘದ ಜಿನಸೇನನು ಶಕವರ್ಷ 705ರಲ್ಲಿ (ಕ್ರಿ.ಶ. 783) ಮುಗಿಸಿದ ಹರಿವಂಶಪುರಾಣದ ಪ್ರಶಸ್ತಿಯಲ್ಲಿ ದಕ್ಷಿಣವನ್ನು ಆಳುತ್ತಿದ್ದ ಕೃಷ್ಣನ ಮಗನನ್ನು ಶ್ರೀವಲ್ಲಭನೆಂದು ಕರೆದಿದ್ದಾನೆ, ಅವನು ಗೋವಿಂದನೋ ಧ್ರುವನೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ.

ಕನ್ನಡ ಶಬ್ದಕ್ಕೆ ಸಂಸ್ಕೃತ ಶಬ್ದವನ್ನು ಸೇರಿಸಿ ಸಮಾಸ ಮಾಡುವುದು ದೋಷವಲ್ಲವೇ ಎಂದು ಆಕ್ಷೇಪಿಸಬಹುದು. ಧ್ರುವನ ಮೊಮ್ಮಗನಾದ ಅಮೋಘವರ್ಷ ನೃಪತುಂಗನ ಆಸ್ಥಾನದ ಕವಿರಾಜಮಾರ್ಗವೇ ಇಂತಹ ಬೆರಕೆಯ ವಿಷಯದಲ್ಲಿ ಎಚ್ಚರಿಸುತ್ತದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದನ್ನು ಅರಿಸಮಾಸವೆಂದು ನಿಷೇಧಿಸಿ, ಬಿರುದುಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಅದು ಸಲ್ಲುತ್ತದೆಂದು ವಿನಾಯಿತಿ ಕೊಡುತ್ತಾನೆ. ಬಿರುದುಗಳಿಗೆ ವಿನಾಯಿತಿ ಕೊಡಬೇಕಾಗಿ ಬಂದುದೇ ಅವುಗಳಲ್ಲಿ ಇಂತಹ ಸಮಾಸಗಳು ಬೇರೂರಿದ್ದುವೆಂಬುದಕ್ಕೆ ಸಾಕ್ಷಿ. ಕಲಿವಲ್ಲಭವನ್ನು ಆ ಗುಂಪಿಗೆ ಸೇರಿಸಲು ವ್ಯಾಕರಣದ ಅಡ್ಡಿಯಿಲ್ಲ.

ಈ ಇಬ್ಬಗೆಯ ಅರ್ಥವು ಆ ಕಾಲದವರಿಗೇ ತಿಳಿದಿತ್ತು. ರಾಷ್ಟ್ರಕೂಟರ ಸಂಸ್ಕೃತ ತಾಮ್ರಶಾಸನಗಳ ಪ್ರಶಸ್ತಿಕಾರನು, ತನ್ನ ನಿರ್ಮಲ ನಡತೆಯಿಂದ ಕಲಿಯನ್ನು ದೂರಕ್ಕೆ ಅಟ್ಟಿ ಕೃತಯುಗದ ಸಿರಿಯನ್ನು ಮರಳಿ ನೆಲೆಗೊಳಿಸಿದ ನಿರುಪಮನು ಕಲಿವಲ್ಲಭನಾದುದು ಹೇಗೆಂದು ಬೆರಗನ್ನು ನಟಿಸುತ್ತಾನೆ. ವಿರೋಧಾಭಾಸವೆಂಬ ಅಲಂಕಾರ ಇದು. ವಿರೋಧವು ತೋರಬೇಕಾದರೆ ಸಂಸ್ಕೃತದ ಅರ್ಥ ಬೇಕು, ಪರಿಹಾರವಾಗಬೇಕಾದರೆ ಕನ್ನಡದ ಅರ್ಥ ಬೇಕು. ಕನ್ನಡನಾಡಿನ ಅರಸನ ಸಂಸ್ಕೃತ ಪ್ರಶಸ್ತಿಯನ್ನು ಕನ್ನಡವನ್ನು ಬಿಟ್ಟು ಪೂರ್ತಿಯಾಗಿ ಅರ್ಥಮಾಡಿಕೊಳ್ಳಲಾಗದು ಎಂಬುದಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

6

ಬಿರುದಿನ ಅರ್ಥ ತಪ್ಪಿದರೆ ಒಬ್ಬ ಅರಸನ ಕೀರ್ತಿಗೆ ಮಾತ್ರ ಕುಂದು. ಇದಕ್ಕಿಂತ ಗಂಭೀರವಾದುದು ಕಳಭ್ರರ ಪ್ರಶ್ನೆ. ಪಾಂಡ್ಯ ನೆಡುಂಜಡೈಯನ ಮೂರನೆಯ ಆಳ್ವಿಕೆಯ ವರ್ಷದ, ಅಂದರೆ ಸುಮಾರು ಕ್ರಿ.ಶ. 770ರ ವೇಳ್ವಿಕುಡಿ ತಾಮ್ರಶಾಸನದ ತಮಿಳು ಭಾಗದಲ್ಲಿ, ಕಳಭ್ರನೆಂಬ ‘ಕಲಿಯರೈಶನ್’ ಅನೇಕ ಅಧಿರಾಜರನ್ನು ತೊಲಗಿಸಿ ಭೂಮಿಯನ್ನು ವಶಪಡಿಸಿಕೊಂಡನೆಂದೂ, ಆನಂತರ ಪಾಂಡ್ಯ ಕಡುಂಗೋನನು ನಾಡನ್ನು ಬಿಡಿಸಿಕೊಂಡನೆಂದೂ ಹೇಳಿದೆ. ಹಿಂದೆ ಮುದುಕುಡುಮಿ ಪೆರುವಳುದಿಯು ದಾನಮಾಡಿದ್ದ ವೇಳ್ವಿಕುಡಿ ಗ್ರಾಮವು ಕಳಭ್ರರ ಕಾಲದಲ್ಲಿ ಕೈತಪ್ಪಿತೆಂಬುದು ದಾನಗ್ರಾಹಿಯ ವಂಶದವರ ಅಹವಾಲು. ಕೆ. ಎ. ನೀಲಕಂಠ ಶಾಸ್ತ್ರಿಗಳಂತಹ ಶ್ರೇಷ್ಠ ಇತಿಹಾಸಕಾರರು ಈ ‘ಕಲಿಅರಸ’ ಶಬ್ದವನ್ನು ದುಷ್ಟರಾಜರೆಂದು ಅರ್ಥಮಾಡಿದರು. ಅಲ್ಲಿಂದ ಕಳಭ್ರರ ಕಾಲವು ತಮಿಳುನಾಡಿನ ಕತ್ತಲೆಯ ಕಾಲವೆಂಬ ಮಾತು ಪಠ್ಯಪುಸ್ತಕಗಳವರೆಗೆ ಇಳಿಯಿತು.

ಆದರೆ ತಮಿಳಿನಲ್ಲಿ ‘ಕಲಿ’ಗೆ ಸಂಸ್ಕೃತದಿಂದ ಬಂದ ಅರ್ಥವೊಂದೇ ಇಲ್ಲ. ಮೊಳಗು, ಉಬ್ಬರ, ಏಳಿಗೆ, ಬಲ ಎಂಬ ದೇಶೀಯ ಅರ್ಥಗಳಿವೆ. ತಮಿಳಿನ ನಾಲ್ಕು ಮುಖ್ಯ ಛಂದೋರೂಪಗಳಲ್ಲಿ ಒಂದಕ್ಕೆ ಕಲಿಪ್ಪಾ ಎಂದು ಹೆಸರು; ಸಂಘಸಾಹಿತ್ಯದ ಕಲಿತ್ತೊಗೈ ಈ ಛಂದಸ್ಸಿನ ಪದ್ಯಗಳ ಸಂಕಲನ. ಇಲ್ಲಿ ಕಲಿಯುಗದ ಸುಳಿವೂ ಇಲ್ಲ. ಹೀಗಿರುವಾಗ ‘ಕಲಿಯರೈಶನ್’ ಎಂಬುದನ್ನು ಬಲಶಾಲಿಯಾದ, ಸೊಕ್ಕಿದ ಅರಸನೆಂದು ಏಕೆ ಅರ್ಥಮಾಡಬಾರದು? ಕಳಭ್ರರು ಕರ್ನಾಟಕದ ಕಡೆಯಿಂದ ಹೋದವರೆಂಬ ಕೆಲವರ ಊಹೆ ಸತ್ಯವಾದರೆ ಕನ್ನಡದ ಕಲಿಯನ್ನೂ ನೆನೆಯಬಹುದು. ಆದರೆ ಊಹೆಯ ಮೇಲೆ ಊಹೆಯನ್ನು ಕಟ್ಟುವುದು ತರವಲ್ಲ. ಇತ್ತ ಸಂಸ್ಕೃತಾರ್ಥದ ಪರವಾಗಿಯೂ ಹೇಳಬೇಕಾದುದುಂಟು: ಶಾಸನವು ಬ್ರಾಹ್ಮಣದಾನವನ್ನು ಕುರಿತದ್ದು, ಹೇಳುತ್ತಿರುವವರು ಭೂಮಿಯನ್ನು ಕಳೆದುಕೊಂಡವರು, ಅವರ ಬಾಯಲ್ಲಿ ನಿಂದೆಯ ಮಾತು ಬರುವುದು ಸಹಜವೇ. ಹಾಗೆಂದೇ ಒಪ್ಪಿಕೊಂಡರೂ ಅದು ಒಂದು ಪಕ್ಷದವರ ನಿಂದೆ, ಇತಿಹಾಸದ ತೀರ್ಪಲ್ಲ. ಶಿವಗಂಗೆ ಜಿಲ್ಲೆಯ ಪೂಲಾಂಕುರಿಚ್ಚಿಯ ಶಿಲಾಶಾಸನವನ್ನು ಕೆಲವು ವಿದ್ವಾಂಸರು ಕಳಭ್ರರ ಕಾಲದ್ದೆಂದು ಭಾವಿಸುತ್ತಾರೆ. ಅದರಲ್ಲಿ ದೇವಾಲಯಗಳ ಹಾಗೂ ಬ್ರಹ್ಮದೇಯದ ಪ್ರಸ್ತಾಪವಿದೆ. ಆ ಅಭಿಪ್ರಾಯ ನಿಂತರೆ ಧರ್ಮವಿಧ್ವಂಸಕರೆಂಬ ಚಿತ್ರವು ಬಹುಮಟ್ಟಿಗೆ ಅಳಿಯುತ್ತದೆ.

ಜೈನ ಇತಿಹಾಸಕ್ಕೂ ಇದರಿಂದ ಪ್ರಯೋಜನವಿದೆ. ಪೂಜ್ಯಪಾದರ ಶಿಷ್ಯ ವಜ್ರನಂದಿಯು ವಿಕ್ರಮ ಸಂವತ್ಸರ 526ರಲ್ಲಿ, ಅಂದರೆ ಸುಮಾರು ಕ್ರಿ.ಶ. 470ರಲ್ಲಿ, ದಕ್ಷಿಣ ಮಧುರೆಯಲ್ಲಿ ದ್ರಾವಿಡ ಸಂಘವನ್ನು ಸ್ಥಾಪಿಸಿದನೆಂದು ದೇವಸೇನನ ದರ್ಶನಸಾರ ಹೇಳುತ್ತದೆ. ಇದು ಕಳಭ್ರರ ಕಾಲವೆಂದು ಎಣಿಸಲಾದ ಅವಧಿಯೊಳಗೇ ಬೀಳುತ್ತದೆ. ಒಂದು ಶಬ್ದದ ಆಧಾರದಿಂದ ಆ ಕಾಲವನ್ನು ಕತ್ತಲೆಯೆಂದು ಕರೆದಾಗ, ಅದರಲ್ಲಿ ಬೆಳೆದ ಸಂಘಗಳೂ ಗ್ರಂಥಗಳೂ ಆ ಕತ್ತಲೆಯ ಪಾಲಾಗುತ್ತವೆ. ದುಷ್ಟರೋ ಶಿಷ್ಟರೋ ಎಂಬುದನ್ನು ಬೇರೆ ಪ್ರಮಾಣಗಳು ನಿರ್ಣಯಿಸಲಿ. ‘ಕಲಿ’ಯೊಂದೇ ಆ ಭಾರವನ್ನು ಹೊರಲಾರದು.

7

ನೆರೆಯ ಭಾಷೆಗಳ ಸ್ಥಿತಿಯನ್ನು ಸಂಕ್ಷೇಪವಾಗಿ ಸೂಚಿಸಬಹುದು. ತುಳುವಿನಲ್ಲಿ ‘ಕಲಿ’ ಎಂದರೆ ಹೆಂಡ. ಅದು ಕನ್ನಡದ ಕಳ್, ಕಳ್ಳು ಶಬ್ದಗಳ ಬಂಧು, ವೀರನಿಗೂ ಯುಗಕ್ಕೂ ಸಂಬಂಧಿಸಿದ್ದಲ್ಲ. ಮಲಯಾಳದಲ್ಲಿ ‘ಕಲಿ’ಗೆ ಕಡುಕೋಪವೆಂಬ ಅರ್ಥವಿದೆ, ನಳನನ್ನು ಹೊಕ್ಕ ಕಲಿಯ ನೆನಪು ಅದರ ಹಿಂದಿರಬಹುದು. ಆದರೆ ಕಥಕಳಿಯ ‘ಕಳಿ’ ಬೇರೆ, ಅದು ಆಟ. ಭರತಖಂಡದಾಚೆ, ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ‘ಕಲಿ’ ಎಂದರೆ ಉಗ್ರ, ತೀಕ್ಷ್ಣ. ಅರಬ್ಬಿಯಲ್ಲಿ ಇದನ್ನು ಹೋಲುವ ಶಬ್ದಕ್ಕೆ ಕ್ಷಾರಗಿಡಗಳನ್ನು ಸುಟ್ಟ ಬೂದಿ ಎಂದರ್ಥ. ರಸಾಯನಶಾಸ್ತ್ರದ ‘ಅಲ್ಕಲಿ’ ಎಂಬ ಹೆಸರೂ ಪೊಟ್ಯಾಸಿಯಂ ಧಾತುವಿನ ‘ಕಾಲಿಯಂ’ ಎಂಬ ಹೆಸರೂ ಅದರಿಂದ ಬಂದವು. ಸ್ವಾಹಿಲಿಯ ಉಗ್ರನನ್ನೂ ಕನ್ನಡದ ಶೂರನನ್ನೂ ಕೂಡಿಸಿ ವಂಶವೃಕ್ಷ ಬರೆಯುವ ಆಸೆ ಯಾರಿಗಾದರೂ ಬಂದೀತು. ಧ್ವನಿನಿಯಮ ಹಾಗೂ ಚಾರಿತ್ರಿಕ ಸಂಪರ್ಕ ಎರಡೂ ಸಿದ್ಧವಾಗದೆ ಅಂತಹ ಸಂಬಂಧ ಕಲ್ಪಿಸಬಾರದು.

8

ಹಸ್ತಪ್ರತಿಗಳನ್ನು ಓದುವವರಿಗೆ ಈ ವಿಚಾರದಿಂದ ದೊರೆಯುವ ಕೆಲವು ಒರೆಗಲ್ಲುಗಳನ್ನು ಹೀಗೆ ಸಂಗ್ರಹಿಸಬಹುದು.

ಒಂದು, ನೆರೆಯ ಶಬ್ದ. ಕಾಲ, ಯುಗ, ಮಲ ಮುಂತಾದ ಸಂಸ್ಕೃತ ಶಬ್ದಗಳು ಕೂಡಿದಾಗ ಕಲಿಯು ಸಾಮಾನ್ಯವಾಗಿ ಸಂಸ್ಕೃತದ್ದು. ‘ತನ’ದಂತಹ ಕನ್ನಡ ಪ್ರತ್ಯಯ ಕೂಡಿದಾಗ ಕನ್ನಡದ್ದು. ಬಿರುದುಗಳಲ್ಲಿ ಮಾತ್ರ ಈ ನಿಯಮ ಸಡಿಲ.

ಎರಡು, ವಿಭಕ್ತಿ. ತಾಳೆಯೋಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ‘ಕಲಿಕಾಲಂ’ ಎಂದು ಬರೆದಿದ್ದರೆ ಅದು ಯುಗವೂ ಆಗಬಹುದು, ‘ಕಲಿ, ಕಾಲಂ’ ಎಂದು ಬಿಡಿಸಿದರೆ ಯಮಸದೃಶನಾದ ಶೂರನೂ ಆಗಬಹುದು. ‘ಕಲಿಕಾಲದಂತೆ’ ಎಂದಿದ್ದರೆ ಯುಗ, ‘ಕಲಿಕಾಲನಂತೆ’ ಎಂದಿದ್ದರೆ ಯಮನಂತಹ ಶೂರ. ದಕಾರ ನಕಾರಗಳ ಈ ಅಲ್ಪ ವ್ಯತ್ಯಾಸವನ್ನು ಲಿಪಿಕಾರನ ಪ್ರಮಾದವೆಂದು ತಿದ್ದಿಬಿಡುವ ಮೊದಲು ಎರಡೂ ಅರ್ಥಗಳನ್ನು ತೂಗಿನೋಡಬೇಕು.

ಮೂರು, ಲಕಾರ ಳಕಾರಗಳು. ಸಂಸ್ಕೃತದ ಲಕಾರವು ಕನ್ನಡದಲ್ಲಿ ಳಕಾರವಾಗುವುದನ್ನು ವೈಯಾಕರಣರು ಕ್ಷಳವೆಂದು ಗುರುತಿಸಿದ್ದಾರೆ. ಜಳ, ಫಳ, ಕಮಳ ಇದಕ್ಕೆ ಉದಾಹರಣೆಗಳು. ಈ ನಿಯಮದಂತೆ ಸಂಸ್ಕೃತದ ಕಲಿಯು ಕಳಿಯಾಗಲು ಅವಕಾಶವುಂಟು. ಕನ್ನಡದ ವೀರವಾಚಿ ಕಲಿಗೆ ಆ ಅವಕಾಶವಿಲ್ಲ. ಆದುದರಿಂದ ಲಕಾರ ಳಕಾರಗಳ ಪಾಠಾಂತರಗಳನ್ನು ಕ್ಷುದ್ರವೆಂದು ಬಿಡದೆ ಅಡಿಟಿಪ್ಪಣಿಯಲ್ಲಿ ದಾಖಲಿಸುವುದು ಅಗತ್ಯ. ಹಾಗೆ ಬಿಟ್ಟುಬಿಟ್ಟರೆ ಮುಂದಿನವರಿಗೆ ಉಳಿಯುವುದು ಸಂಪಾದಕನ ತೀರ್ಮಾನ ಮಾತ್ರ, ಓಲೆಯ ಸಾಕ್ಷ್ಯವಲ್ಲ.

ನಾಲ್ಕು, ವಿಷಯ. ಸಂಖ್ಯಾಪ್ರಮಾಣವನ್ನು ಹೇಳುವ ಪ್ರಕರಣದಲ್ಲಿ ಕಲಿಯು ಒಂದೆಂಬ ಶೇಷ, ವೀರಗಲ್ಲಿನಲ್ಲಿ ಶೂರ, ಕಾಲನಿರ್ದೇಶದಲ್ಲಿ ಯುಗ.

ಈ ನಾಲ್ಕರಿಂದಲೂ ನಿರ್ಣಯವಾಗದ ಎಡೆಗಳು ಉಳಿಯುತ್ತವೆ. ಅಲ್ಲಿ ಎರಡೂ ಅರ್ಥಗಳನ್ನು ಕೊಟ್ಟು ಸುಮ್ಮನಿರುವುದೇ ಶಾಸ್ತ್ರಸಮ್ಮತವಾದ ಮಾರ್ಗ. ಅನೇಕ ಧರ್ಮಗಳುಳ್ಳ ವಸ್ತುವನ್ನು ಒಂದೇ ಮುಖದಿಂದ ನೋಡಿ ಪೂರ್ತಿ ಕಂಡೆನೆನ್ನುವುದನ್ನು ನಮ್ಮ ಪ್ರಾಚೀನರು ನಯಾಭಾಸವೆಂದು ಕರೆದರು. ವಸ್ತುವಿಗೆ ಸಲ್ಲುವ ಆ ಎಚ್ಚರ ಶಬ್ದಕ್ಕೂ ಸಲ್ಲುತ್ತದೆ.